ಮಾವ ಬಂದ್ ಮಾಡಿಟ್ಟ ಡಬ್ಬಿ

ಜನವರಿಯ ಒಂದು ಸಂಜೆ ಕಾರವಾರದ ಬೈತಖೋಲ ಬಂದರಿನಿಂದ ಮಾವನ ಟ್ರಾಲರ್ ಬೋಟು ಹತ್ತಿದೆ. ರಜೆಗೆ ಬಂದವನಿಗೆ ಕೆಲಸವೆಂದರೆ ಕ್ಯಾಬಿನ್ನಿನಲ್ಲಿ ಕೂತು ಚಾ ಕುಡಿಯುವುದು, ಹೊಟ್ಟೆ ತೊಳಸಿದರೆ ಹೊರಗೆ ಹೋಗಿ ಬರುವುದು, ಅಷ್ಟೇ.

ಸ್ಟೇರಿಂಗಿನ ಪಕ್ಕ ಎಐಎಸ್ ಡಬ್ಬಿ ಇತ್ತು. ಪರದೆ ಕಪ್ಪಾಗಿತ್ತು. "ಯಾಕೆ ಮಾವ, ಹಾಳಾಗಿದೆಯಾ?" ಎಂದೆ.

"ಹಾಳಾಗ್ಲಿಲ್ಲ, ನಾನೇ ಬಂದ್ ಮಾಡಿದ್ದು. ಹಾಕಿದ್ರೆ ನಾವೆಲ್ಲಿ ಬಲೆ ಬಿಟ್ಟಿದ್ದೇವೆ ಅಂತ ಎಲ್ರಿಗೂ ಗೊತ್ತಾಗ್ತದೆ ಮಾರಾಯ. ನಾಳೆ ಅಲ್ಲೇ ಹತ್ತು ಬೋಟು!"

ಮಾತು ಸುಳ್ಳಲ್ಲ. ತಾನು ಯಾರು, ಎಲ್ಲಿದ್ದೇನೆ, ಎಷ್ಟು ವೇಗದಲ್ಲಿ ಎತ್ತ ಹೋಗುತ್ತಿದ್ದೇನೆ ಎಂದು ಆ ಡಬ್ಬಿ ವಿಎಚ್‌ಎಫ್ ರೇಡಿಯೋದಲ್ಲಿ ಸಾರುತ್ತಲೇ ಇರುತ್ತದೆ, ಬೇರೆ ಹಡಗುಗಳು ಸಾರಿದ್ದನ್ನು ಹಿಡಿದು ಪರದೆಯಲ್ಲಿ ತೋರಿಸುತ್ತದೆ. ಗುರುತಿಗೆ ಒಂಬತ್ತು ಅಂಕಿಯ ನಂಬರು. ನಮ್ಮ ದೇಶದ್ದಾದರೆ 419ರಿಂದ ಶುರು.

ರಾತ್ರಿ ಎರಡರ ಸುಮಾರಿಗೆ ಮಾವ ಮಾತು ನಿಲ್ಲಿಸಿದ. ಎದುರಿಗೆ ಬಿಳಿ ದೀಪ ಎರಡು, ಒಂದರ ಮೇಲೊಂದು. ಕೆಳಗೆ ಒಂದು ಕೆಂಪು, ಒಂದು ಹಸಿರು. ಚೆಂದ ಕಾಣುತ್ತಿದೆ ಅಂದುಕೊಂಡೆ ನಾನು. ಕೆಂಪು ಹಡಗಿನ ಎಡಬದಿಯ ದೀಪ, ಹಸಿರು ಬಲಬದಿಯದ್ದು; ಎರಡೂ ಬಣ್ಣ ಒಟ್ಟಿಗೆ ಕಂಡರೆ ಹಡಗು ನೇರ ನಮ್ಮ ಮೇಲೇ ಬರುತ್ತಿದೆ ಎಂದರ್ಥವಂತೆ.

ಮಾವ ವೈರ್‌ಲೆಸ್ ಎತ್ತಿ, ಹಡಗುಗಳೆಲ್ಲ ಕಿವಿಗೊಡಬೇಕಾದ 16ನೇ ಚಾನೆಲ್ಲಿನಲ್ಲಿ ಕರೆದ. ಯಾರೂ ಓಗೊಡಲಿಲ್ಲ. ಹೆಸರೇ ಗೊತ್ತಿಲ್ಲದೆ "ಎದುರಿನ ಹಡಗು" ಎಂದರೆ ಯಾರು ತಿರುಗಿ ನೋಡುತ್ತಾರೆ? ಬಲೆ ನೀರಿನಲ್ಲಿತ್ತು, ಬೋಟನ್ನು ಫಕ್ಕನೆ ತಿರುಗಿಸುವಂತಿಲ್ಲ. ಅಲೆಗಳ ನಡುವಿನ ಮರದ ಬೋಟು ಅವರ ರೇಡಾರಿಗೆ ಕಾಣುತ್ತದೆಂಬ ಖಾತ್ರಿಯೂ ಇಲ್ಲ.

ಮಾವ ಸ್ವಿಚ್ ಒತ್ತಿದ. ಪರದೆಯಲ್ಲಿ ತ್ರಿಕೋನವೊಂದು ಮೂಡಿತು, ಪಕ್ಕದಲ್ಲಿ ಹಡಗಿನ ಹೆಸರು. ವೇಗ 13 ನಾಟ್, ಅಂದರೆ ಗಂಟೆಗೆ ಸುಮಾರು 24 ಕಿಲೋಮೀಟರ್. ಹೀಗೇ ಹೋದರೆ ಎಷ್ಟು ಸಮೀಪ ಬರುತ್ತೇವೆ, ಎಷ್ಟು ಹೊತ್ತಿಗೆ ಎಂಬ ಲೆಕ್ಕವೂ ಅಲ್ಲೇ: 0.1 ನಾಟಿಕಲ್ ಮೈಲಿ (ಇನ್ನೂರು ಮೀಟರೂ ಇಲ್ಲ), 9 ನಿಮಿಷ. ದೊಡ್ಡ ಹಡಗು ಓಡುವಾಗ ಹತ್ತು ಸೆಕೆಂಡಿಗೊಮ್ಮೆಯೋ ಇನ್ನೂ ಬೇಗನೆಯೋ ತನ್ನ ಸುದ್ದಿ ಕಳಿಸುತ್ತದೆ. ನಮ್ಮಂಥವರ ಸಣ್ಣ ಡಬ್ಬಿ ಸಾಧಾರಣ ಅರ್ಧ ನಿಮಿಷಕ್ಕೊಮ್ಮೆ. ಅಷ್ಟರಲ್ಲಿ ಆ ಹಡಗು ಇನ್ನೂರು ಮೀಟರ್ ಬಂದಿರುತ್ತದೆ.

ಮಾವ ಹೆಸರು ಹಿಡಿದು ಕರೆದ, ತಡವರಿಸುತ್ತಾ, ಎರಡು ಸಲ. ಈ ಸಲ ನಿದ್ದೆಗಣ್ಣಿನ ದನಿಯೊಂದು ಇಂಗ್ಲಿಷಿನಲ್ಲಿ ಉತ್ತರಿಸಿತು: ನೀವೀಗ ಕಾಣುತ್ತಿದ್ದೀರಿ, ನಾವು ಬಲಕ್ಕೆ ತಿರುಗುತ್ತೇವೆ.

ಹಸಿರು ದೀಪ ಮರೆಯಾಗಲು ಎಷ್ಟು ಹೊತ್ತು ಹಿಡಿಯಿತೋ, ನನಗಂತೂ ಬಹಳವೆನಿಸಿತು. ಆಮೇಲೆ ಕೆಂಪೊಂದೇ ಉಳಿಯಿತು, ಪಕ್ಕಕ್ಕೆ ಸರಿಯಿತು.

ಬೆಳಗ್ಗೆ ಬಲೆ ಎತ್ತಿದಾಗ ಬಂಗಡೆ ಚೆನ್ನಾಗಿ ಬಿದ್ದಿತ್ತು. ಮಾವ ಕ್ಯಾಬಿನ್ನಿಗೆ ಬಂದ, ನನ್ನ ಮುಖ ನೋಡಿದ, ಡಬ್ಬಿ ಬಂದ್ ಮಾಡಿದ.