ಪರೋಪಜೀವಿ ಒಂದೇ, ರೋಗ ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ ಏಕೆ?

ಲ್ಯಾಟಿನ್ ಅಮೆರಿಕದಲ್ಲಿ ಹರಡಿರುವ ಚಾಗಾಸ್ ರೋಗದ ಮಾತು ಬಂದಾಗಲೆಲ್ಲ ಯಾರಾದರೂ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ರಕ್ತ ಹೀರುವ, ತಿಗಣೆಯನ್ನು ಹೋಲುವ ಕೀಟದಿಂದ ಬರುವ ಪರೋಪಜೀವಿ ಒಂದೇ ತಾನೆ? ಮತ್ತೇಕೆ ಒಬ್ಬರ ಹೃದಯ ಕೆಡುತ್ತದೆ, ಇನ್ನೊಬ್ಬರ ದೊಡ್ಡಕರುಳು ಹಿಗ್ಗುತ್ತದೆ, ಮತ್ತೊಬ್ಬರಿಗೆ ಸಾಯುವತನಕ ಏನೂ ಆಗುವುದಿಲ್ಲ?"

'ಒಂದೇ' ಎಂದುಕೊಳ್ಳುವಲ್ಲೇ ತೊಡಕಿದೆ. ಈ ರೋಗ ತರುವ ಏಕಕೋಶ ಪರೋಪಜೀವಿ ಟ್ರಿಪನೊಸೋಮಾ ಕ್ರೂಜಿ ಎಂಬುದು ಒಂದು ಮನೆತನದ ಹೆಸರು, ಒಳಗಿರುವವರ ಗುಣ ಬೇರೆ ಬೇರೆ. 1909ರಲ್ಲಿ ಬ್ರೆಜಿಲ್‌ನ ಲಸ್ಸಾನ್ಸ್ ಎಂಬ ಊರಲ್ಲಿ ಎರಡು ವರ್ಷದ ಮಗುವಿನ ರಕ್ತದಲ್ಲಿ ವೈದ್ಯ ಕಾರ್ಲೋಸ್ ಚಾಗಾಸ್ ಇದನ್ನು ಕಂಡರು. ಸಪೂರ ರೂಪ, ದಪ್ಪ ರೂಪ ಎರಡೂ ಅವರ ಕಣ್ಣಿಗೆ ಬಿದ್ದಿದ್ದವು. ಅವನ್ನು ಗಂಡು-ಹೆಣ್ಣು ಎಂದು ಭಾವಿಸಿದರು. ಆದರೆ ಈ ಜೀವಿ ಬಹುಪಾಲು ಎರಡಾಗಿ ಸೀಳಿಕೊಂಡೇ ಹೆಚ್ಚುತ್ತದೆ, ವಂಶವಾಹಿಗಳ ಬೆರಕೆ ಅಪರೂಪ. ಹಾಗಾಗಿ ಒಂದೊಂದು ತಳಿಯೂ ತನ್ನ ಗುಣವನ್ನು ಬಹುಕಾಲ ಕಾಪಾಡಿಕೊಂಡು ಬಂದಿದೆ. 2009ರಲ್ಲಿ ತಜ್ಞರು ಇವನ್ನು, ಜೀವಿಯ ಹೆಸರಿನ ಮೊದಲಕ್ಷರಗಳನ್ನು ಹಿಡಿದು, ಟಿಸಿ-1ರಿಂದ ಟಿಸಿ-6ರವರೆಗೆ ಆರು ಗುಂಪುಗಳಾಗಿ ವಿಂಗಡಿಸಿದರು. ಅವುಗಳಲ್ಲಿ 5 ಮತ್ತು 6, ಎಂದೋ ನಡೆದ ಅಪರೂಪದ ಬೆರಕೆಯಿಂದ ಹುಟ್ಟಿದವು: 2 ಮತ್ತು 3ರ ಮಿಶ್ರಸಂತಾನ.

ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಇಲಿಗಳ ಮೇಲಿನ ಪ್ರಯೋಗ ನೋಡಬೇಕು. 'ವೈ' ಎಂಬ ತಳಿ ಹೊಕ್ಕ ಇಲಿಯ ರಕ್ತದಲ್ಲಿ ಸುಮಾರು ಒಂದು ವಾರಕ್ಕೇ ಪರೋಪಜೀವಿಗಳು ಕಿಕ್ಕಿರಿಯುತ್ತವೆ, ಅನೇಕ ಇಲಿಗಳು ಬೇಗನೆ ಸಾಯುತ್ತವೆ. 'ಕೊಲಂಬಿಯನ್' ತಳಿಗೆ ಆ ಆತುರವಿಲ್ಲ. ಅದು ವಾರಗಟ್ಟಲೆ ನಿಧಾನವಾಗಿ ಹೆಚ್ಚುತ್ತಾ ಮಾಂಸಖಂಡದಲ್ಲಿ, ಹೃದಯದ ಸ್ನಾಯುವಿನಲ್ಲಿ ಬೀಡುಬಿಡುತ್ತದೆ. ಔಷಧದ ವಿಷಯದಲ್ಲಂತೂ ಈ ಅಂತರ ನನ್ನನ್ನು ಕಂಗೆಡಿಸುತ್ತದೆ. ಬೆನ್ಜ್‌ನಿಡಜೋಲ್ ಎಂಬ ಔಷಧ ಕೊಟ್ಟರೆ 'ಸಿಎಲ್' ತಳಿಯ ಸೋಂಕು ಸಾಮಾನ್ಯವಾಗಿ ವಾಸಿಯಾಗುತ್ತದೆ, ಅದೇ ಮದ್ದಿಗೆ ಕೊಲಂಬಿಯನ್ ತಳಿ ಬಗ್ಗುವುದಿಲ್ಲ. ಹೀಗಿರುವಾಗ, ತಳಿಯ ಹೆಸರು ಹೇಳದೆ "ಈ ಮದ್ದು ಟ್ರಿಪನೊಸೋಮಾ ಕ್ರೂಜಿಯನ್ನು ಕೊಲ್ಲುತ್ತದೆ" ಎಂದರೆ ನನ್ನ ದೃಷ್ಟಿಯಲ್ಲಿ ಅದು ಅರ್ಧ ಮಾತು.

ಮನುಷ್ಯರಲ್ಲೂ ಇದರ ಸುಳಿವಿದೆ. ಅನ್ನನಾಳ, ದೊಡ್ಡಕರುಳು ಹಿಗ್ಗುವ ತೊಂದರೆ ಬ್ರೆಜಿಲ್, ಬೊಲಿವಿಯಾ, ಅರ್ಜೆಂಟೀನಾ, ಚಿಲಿಗಳಲ್ಲಿ ಕಾಣುತ್ತದೆ. ಟಿಸಿ-1 ಹೆಚ್ಚಾಗಿರುವ ಅಮೆಜಾನ್‌ನ ಉತ್ತರದ ನಾಡುಗಳಲ್ಲಿ ಅಪರೂಪ. ಆದರೆ ಟಿಸಿ-1 ಸಾಧು ಎಂದುಕೊಳ್ಳಬೇಡಿ, ಹೃದಯವನ್ನು ಅದೂ ಕೆಡಿಸುತ್ತದೆ. ಸೋಂಕಿತರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಬ್ಬರಿಗೆ ಹೃದಯದ ತೊಂದರೆ ಬರುತ್ತದೆ; ಯಾರಿಗೆ ಎಂಬುದನ್ನು ತಳಿಯೊಂದೇ ತೀರ್ಮಾನಿಸುವುದಿಲ್ಲ. ರೋಗಿಯ ಪ್ರತಿರೋಧಶಕ್ತಿ, ಮತ್ತೆ ಮತ್ತೆ ತಗಲುವ ಸೋಂಕು ಎಲ್ಲವೂ ಸೇರುತ್ತವೆ. ಒಬ್ಬರ ಮೈಯಲ್ಲೇ ಎರಡು ತಳಿಗಳಿರಬಹುದು, ರಕ್ತದಲ್ಲಿ ಒಂದು, ಹೃದಯದಲ್ಲಿ ಇನ್ನೊಂದು.

ನನಗೆ ಹೆಚ್ಚು ಕಳವಳ ತರುವುದು ರಕ್ತಪರೀಕ್ಷೆ. ಪರೀಕ್ಷೆ ಹುಡುಕುವುದು ಪರೋಪಜೀವಿಯ ಪ್ರೋಟೀನುಗಳ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಆ ಪ್ರೋಟೀನುಗಳೇ ತಳಿಯಿಂದ ತಳಿಗೆ ಬದಲಾಗುತ್ತವೆ. ದಕ್ಷಿಣ ಅಮೆರಿಕದ ತಳಿಗಳನ್ನು ನೆಚ್ಚಿ ಮಾಡಿದ ಪರೀಕ್ಷೆ ಮೆಕ್ಸಿಕೊದ ಸೋಂಕಿತರಲ್ಲಿ ಕೆಲವರನ್ನು ಬಿಟ್ಟುಬಿಡಬಹುದು. ಬೇರೆ ಬೇರೆ ವಿಧಾನದ ಎರಡು ಪರೀಕ್ಷೆ ಮಾಡಿಯೇ ಸೋಂಕನ್ನು ಖಚಿತಪಡಿಸಬೇಕೆಂಬ ನಿಯಮ ಇರುವುದಕ್ಕೆ ಇದೂ ಒಂದು ಕಾರಣ.