ನಾಲ್ಕೂಕಾಲರ ಆಕಾಶ: ವಾಡ್ಸ್‌ಡನ್ ಮ್ಯಾನರ್‌ನಲ್ಲಿ ಕ್ರಿಸ್‌ಮಸ್ ದೀಪದ ಸಂಜೆ

ಡಿಸೆಂಬರ್ ನಡುವಿನಲ್ಲಿ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್ ಕಡೆ ಸೂರ್ಯ ಮುಳುಗುವುದು 3:55ರ ಆಸುಪಾಸು. ನಮ್ಮ ಲೆಕ್ಕದಲ್ಲಿ ಅದಿನ್ನೂ ಮಧ್ಯಾಹ್ನದ ಕಾಫಿ ಹೊತ್ತು. ಮುಳುಗಿದ ಮೇಲೂ ಸುಮಾರು 40 ನಿಮಿಷ ಆಕಾಶ ಪೂರ್ತಿ ಕಪ್ಪಾಗುವುದಿಲ್ಲ, ಶಾಯಿಯ ನೀಲಿಯಲ್ಲಿ ನಿಂತಿರುತ್ತದೆ. ವಾಡ್ಸ್‌ಡನ್ ಮ್ಯಾನರ್ ಎಂಬ ಅರಮನೆಯಂಥ ಹಳೇ ಮನೆಗೂ ಅದರ ತೋಟಕ್ಕೂ ಕ್ರಿಸ್‌ಮಸ್‌ಗೆಂದು ಹಾಕುವ ದೀಪ ನೋಡಲು ಅದೇ ಹೊತ್ತು. ಮೊನಚು ಗೋಪುರ, ಹೊಗೆಗೂಡು, ಬೋಳು ಮರದ ಕೊಂಬೆ ಎಲ್ಲವೂ ಆ ನೀಲಿಯಲ್ಲಿ ಗೆರೆ ಬರೆದಂತೆ ಕಾಣುತ್ತವೆ; ಗೋಡೆಯ ಮೇಲೆ ಬಿಟ್ಟ ಬಣ್ಣವೂ ಕಾಣುತ್ತದೆ. 5 ಗಂಟೆ ದಾಟಿದರೆ ಕಪ್ಪಿನಲ್ಲಿ ಬಣ್ಣ ಮಾತ್ರ ಉಳಿಯುತ್ತದೆ, ಕಟ್ಟಡ ಮಾಯ.

ಹಾಗಾಗಿ ಟಿಕೆಟ್ ತೆಗೆಯುವಾಗಲೇ ಸಂಜೆಯ ಅರ್ಧ ಹಣೆಬರಹ ಬರೆದಾಗಿರುತ್ತದೆ. ಇಲ್ಲಿ ಸಮಯ ನಮೂದಿಸಿದ ಟಿಕೆಟ್. ಮನೆಯ ಒಳಗೆ ಹೋಗಲು 2:30ರಿಂದ 3ರ ಒಳಗಿನ ಸ್ಲಾಟ್ ಸಿಕ್ಕರೆ 4ಕ್ಕೆ ಹೊರಗೆ ಬಂದು ನಿಲ್ಲಬಹುದು. ದೀಪ ಹಚ್ಚುವ ಹೊತ್ತು ವರ್ಷ ವರ್ಷ ಬದಲಾಗುತ್ತದೆ, ಆ ಸಲದ ವೇಳಾಪಟ್ಟಿ ನೋಡಿಯೇ ಲೆಕ್ಕ ಹಾಕಬೇಕು. ‘ಹೇಗೂ ದೀಪ ತಾನೇ, ಕತ್ತಲಾದ ಮೇಲೆ ಹೋದರಾಯಿತು’ ಎಂದು ಕತ್ತಲ ಸ್ಲಾಟ್ ಹಿಡಿಯುವವರೇ ಬಹಳ. ಶಾಲೆ ಬಿಟ್ಟ ಮೇಲಿನ ಸ್ಲಾಟು, ಶನಿವಾರ, ಕ್ರಿಸ್‌ಮಸ್‌ಗೆ ಹಿಂದಿನ ವಾರ, ಇವು ಮೊದಲು ಖಾಲಿಯಾಗುತ್ತವೆ. ನ್ಯಾಷನಲ್ ಟ್ರಸ್ಟ್ (ಹಳೇ ಮನೆ, ತೋಟಗಳನ್ನು ಕಾಪಾಡುವ ಅಲ್ಲಿನ ಸಂಸ್ಥೆ) ಸದಸ್ಯರೂ ಸುಮ್ಮನೆ ಕಾರ್ಡ್ ತೋರಿಸಿ ಒಳಗೆ ಹೋಗಬಹುದು ಎಂದುಕೊಳ್ಳಬಾರದು, ಮೊದಲೇ ಬುಕ್ ಮಾಡಿರಬೇಕು.

ಮಿಲ್ಟನ್ ಕೀನ್ಸ್, ಸ್ಲೌ, ರೆಡಿಂಗ್ ಕಡೆಯ ಕನ್ನಡದ ಮನೆಗಳಿಗೆ ಇದು ಕಾರಿನಲ್ಲಿ ಒಂದು ಗಂಟೆ ಆಚೀಚೆಯ ದಾರಿ. ಲಂಡನ್ನಿನಿಂದ ರೈಲಾದರೆ ಮ್ಯಾರಿಲ್‌ಬೋನ್ ನಿಲ್ದಾಣದಿಂದ ಏಲ್ಸ್‌ಬರಿ ವೇಲ್ ಪಾರ್ಕ್‌ವೇ. ಅಲ್ಲಿಂದ ಟ್ಯಾಕ್ಸಿಯನ್ನು ಹೋಗುವುದಕ್ಕೂ ಬರುವುದಕ್ಕೂ ಮೊದಲೇ ಹೇಳಿಟ್ಟಿರಬೇಕು. ರಾತ್ರಿ ಮಕ್ಕಳನ್ನು ಕಟ್ಟಿಕೊಂಡು ಹಳ್ಳಿ ರಸ್ತೆಯಲ್ಲಿ ನಡೆಯುವ ಮಾತೇ ಬೇಡ. ಕಾರು ನಿಲ್ಲಿಸುವುದು ಗುಡ್ಡದ ಬುಡದಲ್ಲಿ, ಮನೆ ಇರುವುದು ತುದಿಯಲ್ಲಿ. ನಡುವೆ ಶಟಲ್ ಬಸ್ಸು ಓಡುತ್ತದೆ. ಬಸ್ಸಿಗೆ ಸಾಲು ನಿಲ್ಲುವ ಹೊತ್ತನ್ನೂ ಸೇರಿಸಿ ಸ್ಲಾಟಿಗೆ 40 ನಿಮಿಷ ಮುಂಚೆ ಕಾರು ನಿಲ್ಲಿಸಿರಬೇಕು. ತಡವಾಗುವುದು ಹೆದ್ದಾರಿಯಲ್ಲಿ ಅಲ್ಲ, ಗುಡ್ಡ ಹತ್ತುವ ಈ ಕೊನೆಯ ತುಂಡು ದಾರಿಯಲ್ಲಿ.

ಗುಡ್ಡದ ತುದಿಗೆ ಇಷ್ಟು ದೊಡ್ಡ ಮನೆ ಹೇಗೆ ಬಂತು ಎನ್ನುವುದನ್ನು ಬಸ್ಸಿನಲ್ಲೇ ಮಕ್ಕಳಿಗೆ ಹೇಳಿಬಿಡಬಹುದು. ಹೆಸರಾಂತ ಬ್ಯಾಂಕರ್ ಮನೆತನದ ಬ್ಯಾರನ್ ಫರ್ಡಿನಾಂಡ್ ಡಿ ರಾಥ್ಸ್‌ಚೈಲ್ಡ್ 1874ರಲ್ಲಿ ಈ ಬೋಳುಗುಡ್ಡ ಕೊಂಡು, ತಲೆಯನ್ನು ಸಮತಟ್ಟು ಮಾಡಿಸಿ, ಫ್ರಾನ್ಸಿನ ಲುವಾರ್ ಕಣಿವೆಯ ಅರಮನೆಗಳ ಮಾದರಿಯಲ್ಲಿ ಕಟ್ಟಿಸಿದ. ಕಲ್ಲು ಮೇಲೆ ಸಾಗಿಸಲು ಉಗಿ ಟ್ರಾಮ್ ಹಾಕಿಸಿದ; ಮರ ಬೆಳೆಯುವ ತನಕ ಕಾಯುವ ತಾಳ್ಮೆಯಿಲ್ಲದೆ ಬೆಳೆದ ಮರಗಳನ್ನೇ ಬೇರು ಸಮೇತ ತಂದು ನೆಡಿಸಿದ. ಈಗ ದೀಪದ ಸರ ಸುತ್ತಿಕೊಂಡು ನಿಲ್ಲುವ ಮರಗಳ ಹಿಂದೆ ಇಂಥ ಕತೆ ಇದೆ. 1890ರಲ್ಲಿ ವಿಕ್ಟೋರಿಯಾ ರಾಣಿ ಇಲ್ಲಿಗೆ ಬಂದಳು. ಆಗಿನ್ನೂ ಹೊಸದಾಗಿದ್ದ ವಿದ್ಯುತ್ ದೀಪವನ್ನು ಹಚ್ಚುತ್ತ ಆರಿಸುತ್ತ ಹತ್ತು ನಿಮಿಷ ಕಳೆದಳಂತೆ. ನಿಜವೋ ಸುಳ್ಳೋ, ಸ್ವಿಚ್ಚಿನ ಹತ್ತಿರ ಬಿಟ್ಟ ಯಾವ ಮಗುವೂ ಅದನ್ನೇ ಮಾಡುತ್ತದೆ.

ಮನೆಯೊಳಗೆ ಕಾಲಿಟ್ಟ ಕೂಡಲೇ ‘ಇಷ್ಟು ಮಬ್ಬು ಯಾಕೆ’ ಎನ್ನುವ ಪ್ರಶ್ನೆ ಬರುತ್ತದೆ. ಹಬ್ಬಕ್ಕೆಂದು ಮಾಡಿದ ಮಬ್ಬು ಅಲ್ಲ ಅದು. ರೇಷ್ಮೆ, ನೇಯ್ದ ಚಿತ್ರಪಟ, ಬಣ್ಣದ ಕಾಗದ ಇವೆಲ್ಲ ಬೆಳಕಿಗೆ ಮಾಸುತ್ತವೆ. ಮಾಸಿದ್ದು ಮತ್ತೆ ಬರುವುದಿಲ್ಲ. ಇಂಥ ವಸ್ತುಗಳ ಮೇಲೆ 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೀಳುವ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳಬಾರದೆಂಬುದು ವಸ್ತುಸಂಗ್ರಹಾಲಯಗಳ ರೂಢಿ. ಫರ್ಡಿನಾಂಡ್ 1898ರಲ್ಲಿ ತೀರಿಕೊಂಡ ಮೇಲೆ ಮನೆ ಅವನ ತಂಗಿ ಅಲಿಸ್ ಕೈಗೆ ಬಂತು. ಪರದೆ ಯಾವಾಗ ಎಳೆಯಬೇಕು, ಪಿಂಗಾಣಿಯನ್ನು ಹೇಗೆ ಹಿಡಿಯಬೇಕು ಎಂದು ಆಕೆ ಹಾಕಿದ ಕಟ್ಟುನಿಟ್ಟು ಇಂದಿಗೂ ‘ಮಿಸ್ ಅಲಿಸ್‌ಳ ನಿಯಮ’ ಎಂದೇ ಹೆಸರುವಾಸಿ. ಮಡಿ ಬಟ್ಟೆಯ ಹತ್ತಿರ ಮಕ್ಕಳನ್ನು ಬಿಡದ ನಮ್ಮ ಅಜ್ಜಿಯರಿಗೆ ಆಕೆ ಒಳ್ಳೇ ಜೋಡಿ. ಕಣ್ಣು ಹೊಂದಿಕೊಳ್ಳಲು ಎರಡು ಮೂರು ನಿಮಿಷ ಬೇಕು. ಮೊದಲ ಕೋಣೆಯಲ್ಲಿ ಅವಸರ ಮಾಡಬೇಡಿ, ಆಮೇಲಿನ ಕೋಣೆಗಳಲ್ಲಿ ಕ್ರಿಸ್‌ಮಸ್ ಮರದ ಸಣ್ಣ ದೀಪಗಳೇ ಸಾಕೆನಿಸುತ್ತವೆ. ಬೆನ್ನಿನ ಚೀಲವನ್ನು ಮುಂದಕ್ಕೆ ಹಾಕಿಕೊಳ್ಳಿ, ತಿರುಗುವಾಗ ಪಿಂಗಾಣಿಗೆ ತಗುಲುವುದು ಅದೇ. ತಳ್ಳುಗಾಡಿ ಇಂಥ ಮನೆಗಳ ಒಳಗೆ ಸಾಮಾನ್ಯವಾಗಿ ನಡೆಯುವುದಿಲ್ಲ, ಕೂಸಿಗೆ ಕಟ್ಟಿಕೊಳ್ಳುವ ಜೋಳಿಗೆ ಇರಲಿ.

ಬಟ್ಟೆಯ ವಿಷಯದಲ್ಲಿ ತಪ್ಪುವುದು ಮೇಲಿನ ಕೋಟಿನಲ್ಲಲ್ಲ, ಕೆಳಗೆ. ಎರಡು ಗಂಟೆ ಒದ್ದೆ ನೆಲದ ಮೇಲೆ ನಿಧಾನ ನಡೆಯುವಾಗ ಚಳಿ ಹತ್ತುವುದು ಅಂಗಾಲಿನಿಂದ. ರಬ್ಬರಿನ ವೆಲ್ಲಿ ಬೂಟು ನೀರು ತಡೆಯುತ್ತದೆ, ಚಳಿ ತಡೆಯುವುದಿಲ್ಲ. ಒಂದು ಅಳತೆ ದೊಡ್ಡ ಬೂಟು, ಒಳಗೆ ದಪ್ಪ ಉಣ್ಣೆಯ ಕಾಲುಚೀಲ ಒಂದೇ ಜೊತೆ. ಬಿಗಿ ಬೂಟಿನೊಳಗೆ ಎರಡು ಜೊತೆ ತುರುಕಿದರೆ ಬೆಚ್ಚಗಿಡುವ ಗಾಳಿಗೆ ಜಾಗವಿಲ್ಲದೆ ಕಾಲು ಇನ್ನಷ್ಟು ಮರಗಟ್ಟುತ್ತದೆ. ಜೀನ್ಸ್ ಬೇಡ, ಹತ್ತಿ ಒದ್ದೆ ಹೀರಿ ತೊಡೆಗೆ ಅಂಟಿಕೊಳ್ಳುತ್ತದೆ. ಬೆರಳು ಬಿಡಿಸಿದ ಕೈಗವಸಿಗಿಂತ ನಾಲ್ಕೂ ಬೆರಳು ಕೂಡಿರುವ ಚೀಲದಂಥ ಗವಸು ಮಕ್ಕಳಿಗೆ ಬೆಚ್ಚಗೆ. ಗಾಡಿಯಲ್ಲಿ ಕೂತ ಮಗು ನಡೆಯುವುದಿಲ್ಲವಲ್ಲ, ಅದಕ್ಕೆ ನಮಗಿಂತ ಒಂದು ಪದರ ಹೆಚ್ಚು ಬೇಕು.

ಇನ್ನೊಂದು ಮಾತು. ಉಬ್ಬಿದ ಜಾಕೆಟ್ ಹಾಕಿಸಿ ಕಾರಿನ ಸೀಟಿಗೆ ಬೆಲ್ಟ್ ಬಿಗಿಯಬಾರದು. ಜಾಕೆಟ್ಟಿನ ಗಾತ್ರಕ್ಕೆ ಬೆಲ್ಟು ಬಿಗಿಯಾದಂತೆ ತೋರುತ್ತದೆ, ಡಿಕ್ಕಿಯಾದಾಗ ಅದು ಅಪ್ಪಚ್ಚಿಯಾಗಿ ಮಗು ಸಡಿಲವಾಗುತ್ತದೆ. ಬೆಲ್ಟು ಹಾಕಿದ ಮೇಲೆ ಜಾಕೆಟನ್ನು ಮುಂದಿನಿಂದ ಹೊದಿಸಿ.

ಹೊರಗಿನ ದೀಪದ ಬಗ್ಗೆ ಮೊದಲೇ ಒಂದು ಎಚ್ಚರಿಕೆ. ಮೈಸೂರು ಅರಮನೆಯ ದೀಪ ಕಂಡ ಕಣ್ಣಿಗೆ ಇದು ಮೊದಲ ನೋಟಕ್ಕೆ ಸಪ್ಪೆ. ಅಲ್ಲಿ ಸುಮಾರು ಒಂದು ಲಕ್ಷ ಬಲ್ಬು ಒಂದೇ ಏಟಿಗೆ ಹತ್ತಿ, ಕಮಾನು, ಗೋಪುರ, ಕಳಸದ ಗೆರೆ ಗೆರೆಯನ್ನೂ ಬಂಗಾರದಲ್ಲಿ ಬಿಡಿಸುತ್ತವೆ. ನೆರೆದವರು ‘ಹೋ’ ಎನ್ನುತ್ತಾರೆ. ಇಲ್ಲಿ ಆ ‘ಹೋ’ ಇಲ್ಲ. ಬೆಳಕು ಗೋಡೆಗೆ ದೂರದಿಂದ ಬೀಳುತ್ತದೆ, ನಿಧಾನ ಬಣ್ಣ ಬದಲಿಸುತ್ತದೆ. ಉಳಿದದ್ದು ಮರಗಳ ನಡುವಿನ ದಾರಿಯಲ್ಲಿ ಹರಡಿರುತ್ತದೆ. ನಿಂತು ನೋಡುವುದಲ್ಲ ಇದು, ನಡೆದು ನೋಡುವುದು. ಮನೆಯ ಮುಂಭಾಗಕ್ಕೆ ತೀರಾ ಹತ್ತಿರ ಹೋದರೆ ಬಣ್ಣದ ತೇಪೆ ಮಾತ್ರ ಕಾಣುತ್ತದೆ. ಹಿಂದೆ ಸರಿದು ಇಡೀ ಮನೆ ಕಣ್ಣಿಗೆ ಹಿಡಿಯುವಷ್ಟು ದೂರ ನಿಲ್ಲಿ. ಹಿರಿಯರಿಗೆ ಇದನ್ನು ಕಾರಿನಲ್ಲೇ ಹೇಳಿಟ್ಟರೆ ‘ಇಷ್ಟಕ್ಕೆ ಇಷ್ಟು ದುಡ್ಡೇ’ ಎನ್ನುವ ಮಾತು ಸ್ವಲ್ಪ ತಡವಾಗಿ ಬರುತ್ತದೆ.

ಫೋಟೋ ತೆಗೆಯುವುದಾದರೆ ಆ 4:15ರಿಂದ 4:40ರ ನಡುವೆಯೇ ಮುಗಿಸಿ. ಕತ್ತಲಾದ ಮೇಲೆ ಫೋನಿನ ನೈಟ್ ಮೋಡ್ ಎರಡು ಮೂರು ಸೆಕೆಂಡು ಬೆಳಕು ಕೂಡಿಸುತ್ತದೆ. ಮಕ್ಕಳು ಅಷ್ಟು ಹೊತ್ತು ಅಲುಗದೆ ನಿಲ್ಲುವ ಜಾತಿಯಲ್ಲ. ದೀಪಕ್ಕೆ ಬೆನ್ನು ಮಾಡಿ ನಿಲ್ಲಿಸಿದರೆ ಮುಖ ಕಪ್ಪು. ದೀಪದ ಕಡೆ ಮುಖ ಓರೆಯಾಗಿ ತಿರುಗಿಸಿ, ಪಕ್ಕದಿಂದ ತೆಗೆಯಿರಿ. ಪರದೆಯ ಮೇಲೆ ಅತಿ ಹೊಳೆಯುವ ದೀಪವನ್ನು ಮುಟ್ಟಿ ಬೆಳಕನ್ನು ಕೆಳಗಿಳಿಸಿದರೆ ಬಣ್ಣ ಬಿಳಿಚಿಕೊಳ್ಳುವುದಿಲ್ಲ. ಕೆಲವು ಎಲ್‌ಇಡಿ ದೀಪ ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಮಿಟುಕುವುದರಿಂದ ವಿಡಿಯೋದಲ್ಲಿ ಕಪ್ಪು ಪಟ್ಟೆ ಓಡುತ್ತದೆ, ಫೋನ್ ಕೆಟ್ಟಿಲ್ಲ. ಚಳಿಗೆ ಬ್ಯಾಟರಿ ಮಾತ್ರ ನಿಜಕ್ಕೂ ಕೈಕೊಡುತ್ತದೆ. 30 ಶೇಕಡ ತೋರಿಸುತ್ತಿದ್ದ ಫೋನ್ ಇದ್ದಕ್ಕಿದ್ದಂತೆ ಸತ್ತರೆ ಒಳಜೇಬಿನಲ್ಲಿ ಹತ್ತು ನಿಮಿಷ ಬೆಚ್ಚಗಿಡಿ, ಎಷ್ಟೋ ಸಲ ಎದ್ದು ಕೂರುತ್ತದೆ. ವಾಪಸು ಟ್ಯಾಕ್ಸಿ ಕರೆಯುವ ಫೋನಿನಲ್ಲಿ ವಿಡಿಯೋ ತೆಗೆಯಬೇಡಿ.

ತಿನ್ನುವುದರಲ್ಲಿ ಸಸ್ಯಾಹಾರಿಗಳು ಎಡವುವುದು ಮೂರು ಕಡೆ. ಬೆಂಕಿಯಲ್ಲಿ ಸುಡುವ ಮಾರ್ಷ್‌ಮೆಲೋ ನೋಡಲು ಬತ್ತಾಸಿನಷ್ಟು ಸಾಧು, ಒಳಗೆ ಸಾಮಾನ್ಯವಾಗಿ ಹಂದಿ ಅಥವಾ ದನದ ಜೆಲಟಿನ್. ಬಿಸಿ ಚಾಕಲೇಟಿನ ಮೇಲೂ ಅದೇ ತೇಲುತ್ತದೆ, ‘ಬೇಡ’ ಎಂದು ಹಾಕುವ ಮೊದಲೇ ಹೇಳಬೇಕು. ಮಿನ್ಸ್ ಪೈ ಎಂಬ ಹೆಸರಿಗೆ ಹೆದರಬೇಕಿಲ್ಲ: ಈಗಿನ ಹೂರಣದಲ್ಲಿ ಮಾಂಸವಿಲ್ಲ, ಒಣದ್ರಾಕ್ಷಿ, ಸೇಬು, ಸಕ್ಕರೆ, ಮಸಾಲೆ. ಆದರೆ ಅದಕ್ಕೆ ಸೇರಿಸುವ ಸೂಯೆಟ್ ಎಂಬ ಕೊಬ್ಬು ದನದ್ದೂ ಇರಬಹುದು, ಸಸ್ಯದ್ದೂ ಇರಬಹುದು; ಬ್ರಾಂಡಿಯೂ ಇರುವುದುಂಟು. ಕ್ರಿಸ್‌ಮಸ್ ಪುಡ್ಡಿಂಗಿಗೂ ಇದೇ ಮಾತು. ಮೂರನೆಯದು ಚಿಪ್ಸ್: ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ದಾಲ್ಚಿನ್ನಿ, ಲವಂಗ ಹಾಕಿ ಬಿಸಿ ಮಾಡಿದ ಸೇಬಿನ ರಸ ಸಿಕ್ಕರೆ ಮಕ್ಕಳಿಗೆ ಅದೇ ಸರಿ. ಪಕ್ಕದ ಪಾತ್ರೆಯಲ್ಲಿ ಹಾಗೇ ಘಮಘಮಿಸುವುದು ವೈನು, ಕೇಳಿ ಹಾಕಿಸಿ. ನಮ್ಮ ಮತ ಕೇಳಿದರೆ, ಒಂದು ಫ್ಲಾಸ್ಕ್ ಬಿಸಿ ಬಾದಾಮಿ ಹಾಲು, ಡಬ್ಬಿಯಲ್ಲಿ ಪುಳಿಯೋಗರೆ. ಹೊರಡುವ ಮೊದಲು ಫ್ಲಾಸ್ಕಿಗೆ ಕುದಿನೀರು ತುಂಬಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಹಾಲು ಹಾಕಿದರೆ ರಾತ್ರಿಯವರೆಗೂ ಬಿಸಿ ನಿಲ್ಲುತ್ತದೆ.

ಮಳೆಗೆ ಇಂಥ ಸಂಜೆಗಳು ನಿಲ್ಲುವುದಿಲ್ಲ, ಗಾಳಿಗೆ ನಿಲ್ಲುತ್ತವೆ. ದಾರಿ ಹಳೇ ಮರಗಳ ಕೆಳಗೆ, ದೀಪದ ಕಂಬಗಳೆಲ್ಲ ತಾತ್ಕಾಲಿಕ. 2021ರ ನವೆಂಬರಿನ ಆರ್ವೆನ್, 2024ರ ಡಿಸೆಂಬರಿನ ಡಾರಾ ಬಿರುಗಾಳಿಗಳಂಥವು ಬಂದಾಗ ಬಾಗಿಲು ಹಾಕದೆ ವಿಧಿಯಿಲ್ಲ. ಗಾಳಿಯ ಮುನ್ಸೂಚನೆ ಇದ್ದರೆ ಹೊರಡುವ ಮುನ್ನ ಬುಕ್ ಮಾಡಿದ ಇಮೇಲ್ ಒಮ್ಮೆ ನೋಡಿ, ಸ್ಪ್ಯಾಮ್ ಡಬ್ಬಿ ಸಮೇತ.

ಹಿಂತಿರುಗುವಾಗ ಕಾಡುವುದು ಕೆಸರು. ಇಂಥ ಕಡೆ ಕಾರು ನಿಲ್ಲಿಸುವ ಜಾಗ ಹಲವು ಸಲ ಹುಲ್ಲುಗಾವಲೇ. ಬೆಳಕಿರುವಾಗಲೇ ಮೂತಿ ಹೊರಗೆ ಮಾಡಿ ನಿಲ್ಲಿಸಿದರೆ ಅರ್ಧ ಕೆಲಸ ಮುಗಿಯಿತು. ಪಕ್ಕದ ಗುರುತೊಂದರ ಫೋಟೋ ತೆಗೆದಿಟ್ಟುಕೊಳ್ಳಿ. ಚಕ್ರ ಗಿರಗಿರ ತಿರುಗಿದರೆ ಆಕ್ಸಿಲರೇಟರ್ ತುಳಿಯಬೇಡಿ, ತುಳಿದಷ್ಟೂ ಗುಂಡಿ ಆಳ. ಎರಡನೇ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಡಿ; ಆಗಲಿಲ್ಲವೆಂದರೆ ಎಂಜಿನ್ ಎಳೆಯುವ ಚಕ್ರಗಳ (ಹೆಚ್ಚಿನ ಕಾರುಗಳಲ್ಲಿ ಮುಂದಿನವು) ಕೆಳಗೆ ಕಾಲೊರಸಿನ ಮ್ಯಾಟ್ ಕೊಡಿ. ಬೂಟು ತುಂಬಲು ಒಂದು ದಪ್ಪ ಪ್ಲಾಸ್ಟಿಕ್ ಚೀಲ, ಮಕ್ಕಳಿಗೆ ಒಣ ಕಾಲುಚೀಲ ಡಿಕ್ಕಿಯಲ್ಲಿ ಕಾಯುತ್ತಿರಲಿ.

4ಕ್ಕೆ ಮನೆಯಿಂದ ಹೊರಬಂದವರು 6ರ ಹೊತ್ತಿಗೆ ಇಳಿಯುವ ಶಟಲ್‌ನಲ್ಲಿ ಕೂತಿರುತ್ತಾರೆ. ಆಗ ಬಸ್ಸಿನಲ್ಲಿ ಸೀಟು ಸಿಗುತ್ತದೆ, ಗೇಟಿನ ಹೊರದಾರಿ ಖಾಲಿ. ಎದುರಿನ ಸಾಲಿನಲ್ಲಿ ಮಾತ್ರ ಒಳಗೆ ಬರುವ ಕಾರುಗಳ ದೀಪ, ರಸ್ತೆಯ ತಿರುವಿನ ತನಕ.