ಸರ್ಜರಿ ಸರ್ ಮತ್ತು ಆರು ಗೋಲಿ ಸೋಡಾ

ಕಾಲೇಜಿನಲ್ಲಿ ಓದಿದ್ದರಲ್ಲಿ ಎಷ್ಟೋ ಮರೆತುಹೋಗಿದೆ. ಕ್ರೆಬ್ಸ್ ಸೈಕಲ್ ಬರಿ ಅಂದರೆ ಈಗ ನನ್ನಿಂದಾಗದು. ಆದರೆ 1991ರ ಮಳೆಗಾಲದ ಆ ಬೆಳಿಗ್ಗೆ ಮರೆತಿಲ್ಲ. ಮೊನ್ನೆ ಬ್ಯಾಚ್ ಗ್ರೂಪಿನಲ್ಲಿ ನಮ್ಮ ಸರ್ಜರಿ ಸರ್ ಹೋದ ಸುದ್ದಿ ನೋಡಿದಾಗ ಮೊದಲು ನೆನಪಾಗಿದ್ದೂ ಅದೇ.

ಗಂಡಸರ ವಾರ್ಡು. ಗದ್ದೆಯಲ್ಲಿ ಗುದ್ದಲಿ ತಗುಲಿದ ರೈತರೊಬ್ಬರು, ಮೂರು ದಿನ ಅರಿಶಿನ ಹಚ್ಚಿಕೊಂಡು ಮನೆಯಲ್ಲೇ ಇದ್ದು ಬಂದಿದ್ದರು. ತೊಡೆಯ ಚರ್ಮ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಗಾಯ ಚಿಕ್ಕದು, ನೋವು ಮಾತ್ರ ತಡೆಯಲಾರದ್ದು. ಸರ್ ನನ್ನ ಕೈ ಹಿಡಿದು ತೊಡೆಯ ಮೇಲಿಟ್ಟು "ಒತ್ತಿ ನೋಡಮ್ಮ" ಅಂದರು. ಮಂಡಕ್ಕಿ ಪೊಟ್ಟಣ ಒತ್ತಿದ ಹಾಗೆ ಒಳಗೆ ಪರಪರ ಅಂತು. "ಅದು ಕ್ರಿಮಿ ಬಿಡ್ತಿರೋ ಗಾಳಿ. ಈ ಕೈ ಇದನ್ನ ಮರೀಬಾರದು" ಅಂದವರೇ ಥಿಯೇಟರಿಗೆ ಓಡಿದರು. ಗ್ಯಾಸ್ ಗ್ಯಾಂಗ್ರೀನ್, ಮಾಂಸ ಕೊಳೆಸುತ್ತಾ ಒಳಗೆ ಗಾಳಿ ತುಂಬಿಸುವ ಸೋಂಕು. ಕಾಲು ತೆಗೆದರೂ ಮರುದಿನ ಆ ಬೆಡ್ ಖಾಲಿಯಾಗಿತ್ತು.

ಅದೇ ವಾರ ನಮ್ಮ ಕಿತಾಪತಿ ನಡೆದದ್ದು. ಗೇಟಿನ ಹೊರಗಿನ ಅಂಗಡಿಯಿಂದ ಆರು ಗೋಲಿ ಸೋಡಾ ತಂದು, ಚೆನ್ನಾಗಿ ಕುಲುಕಿ, ಸರ್ ಬೋರ್ಡಿನ ಕಡೆ ತಿರುಗಿದ ಕೂಡಲೇ ಆರೂ ಜನ ಒಟ್ಟಿಗೆ ಗೋಲಿ ಒತ್ತಿದೆವು. ಹಿಂದಿನ ಬೆಂಚೆಲ್ಲ ನೊರೆ, ಕ್ಲಾಸೆಲ್ಲ ನಗು. ಸರ್ ನಡೆದು ಬಂದು ನನ್ನ ಕೈಯ ಬಾಟಲಿ ತೆಗೆದುಕೊಂಡರು. ಕತೆ ಮುಗೀತು ಅಂದುಕೊಂಡೆ.

"ಗೋಲಿ ಒತ್ತೋಕೆ ಮುಂಚೆ ನೊರೆ ಇತ್ತೇನಮ್ಮ?"

"ಇಲ್ಲ ಸರ್."

"ಗಾಳಿ ಎಲ್ಲಿತ್ತು ಹಾಗಾದ್ರೆ?"

ನೀರಲ್ಲಿ ಕರಗಿತ್ತು, ಒತ್ತಡ ಇದ್ದದ್ದರಿಂದ. ಹೆನ್ರಿ ನಿಯಮ. ಆ ಬಾಟಲಿ ಹಿಡಿದುಕೊಂಡೇ ಅವರು ನಮ್ಮನ್ನು ಆಮ್‌ಸ್ಟರ್‌ಡ್ಯಾಮಿಗೆ ಕರೆದುಕೊಂಡು ಹೋದರು. ಅಲ್ಲಿ ಬೂರೆಮಾ ಎಂಬ ಸರ್ಜನ್ ಹಂದಿಗಳ ರಕ್ತದಿಂದ ಕೆಂಪು ಕಣಗಳನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದು, ಮುಚ್ಚಿದ ಚೇಂಬರಿನೊಳಗೆ ಮಾಮೂಲಿಗಿಂತ ಮೂರು ಪಟ್ಟು ಒತ್ತಡದ ಆಕ್ಸಿಜನ್‌ನಲ್ಲಿ ಬದುಕಿಸಿ ತೋರಿಸಿದ್ದರು. ನಮ್ಮ 100 ಮಿಲಿ ರಕ್ತದ ದ್ರವದಲ್ಲಿ ಸಾಮಾನ್ಯವಾಗಿ ಕರಗಿರುವ ಆಕ್ಸಿಜನ್ ಬರೀ 0.3 ಮಿಲಿ. ಆ ಒತ್ತಡದಲ್ಲಿ ಅದು ಸುಮಾರು 6 ಮಿಲಿ ಆಗುತ್ತದೆ. 1961ರಲ್ಲಿ ಬೂರೆಮಾ ಅವರ ಜೊತೆಗಾರ ಬ್ರುಮ್ಮೆಲ್‌ಕಾಂಪ್ ಇದನ್ನೇ ಗ್ಯಾಸ್ ಗ್ಯಾಂಗ್ರೀನ್‌ಗೆ ಬಳಸಿ ವರದಿ ಮಾಡಿದರು. ಈ ರೋಗ ತರುವ ಕ್ಲಾಸ್ಟ್ರಿಡಿಯಂ ಎಂಬ ಕ್ರಿಮಿಗೆ ಆಕ್ಸಿಜನ್ ಅಂದರೆ ಆಗದು, ಜಾಸ್ತಿಯಾದರೆ ವಿಷ ಮಾಡುವುದನ್ನೇ ನಿಲ್ಲಿಸುತ್ತದೆ. ನಮ್ಮ ಬಿಳಿ ಕಣಗಳಿಗಾದರೋ ಕ್ರಿಮಿ ಕೊಲ್ಲಲು ಆಕ್ಸಿಜನ್ ಬೇಕೇ ಬೇಕು.

"ಆ ರೈತರಿಗೆ ಇದು ಸಿಕ್ಕಿದ್ದರೆ ಉಳೀತಿದ್ರಾ ಸರ್?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸತ್ತ ಮಾಂಸಕ್ಕೆ ರಕ್ತ ಹೋಗಲ್ಲ, ಆಕ್ಸಿಜನ್ ಹೇಗೆ ಹೋಗುತ್ತೆ? ಮೊದಲು ಚಾಕು, ಆಮೇಲೆ ಚೇಂಬರ್" ಅಂದರು.

ನಾನು ಈ ದಾರಿಗೆ ಬಂದದ್ದು ಆ ಸೋಡಾ ಬಾಟಲಿಯಿಂದಲೇ. ಇವತ್ತು ಹಾಗೆ ಒತ್ತಡದಲ್ಲಿ ಆಕ್ಸಿಜನ್ ಕೊಡುವ ಒಂದು ಹೈಪರ್‌ಬಾರಿಕ್ ಚೇಂಬರ್ ನನ್ನ ಉಸ್ತುವಾರಿಯಲ್ಲಿದೆ, ನಮ್ಮ ಬ್ಯಾಚಿನಲ್ಲಿ ಈ ಕೆಲಸಕ್ಕಿಳಿದವಳು ನಾನೊಬ್ಬಳೇ, ಹೆಮ್ಮೆಯಿಂದಲೇ ಹೇಳುತ್ತೇನೆ. ಒಳಗೆ ಕಳಿಸುವ ಮೊದಲು ತಲೆಯ ಕೊಬ್ಬರಿ ಎಣ್ಣೆ ತೊಳೆಸುತ್ತೇವೆ, ಹತ್ತಿ ಬಟ್ಟೆ ಹಾಕಿಸುತ್ತೇವೆ. ಅಷ್ಟು ಆಕ್ಸಿಜನ್ ಇರುವಲ್ಲಿ ಒಂದು ಕಿಡಿ ಸಾಕಲ್ವಾ. ಅಜ್ಜಿಯರಿಗೆ ಎಣ್ಣೆ ತೊಳೆಯಿರಿ ಅಂದರೆ ಬೇಜಾರು. ಘಾಟಿ ಇಳಿಯುವಾಗ ಕಿವಿ ಕಟ್ಟುತ್ತಲ್ಲ, ಹಾಗೇ ಆಗುತ್ತೆ, ಎಂಜಲು ನುಂಗುತ್ತಾ ಇರಿ ಅಂತ ಹೇಳಿಕೊಟ್ಟು 90 ನಿಮಿಷ ಗಾಜಿನ ಈಚೆ ನಾನೂ ಕೂರುತ್ತೇನೆ. ಮಾಂಸ ಕೊಳೆಸುವ ಇಂಥ ಸೋಂಕಿನಲ್ಲಿ ಇದರ ಲಾಭವನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ ಪರೀಕ್ಷಿಸಿದ ಒಂದು ಅಧ್ಯಯನವೂ ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ಪರಿಶೀಲನೆಗೆ ಸಿಗಲಿಲ್ಲ. ನಾನು ಕಣ್ಣಾರೆ ಕಂಡದ್ದನ್ನು ನಂಬುತ್ತೇನೆ, ಆದರೆ ಇದಕ್ಕಾಗಿ ಆಪರೇಷನ್ ಒಂದು ಗಂಟೆಯೂ ತಡವಾಗಬಾರದು. ಹೋದ ವರ್ಷ ಸಕ್ಕರೆ ಕಾಯಿಲೆಯ ಒಬ್ಬರನ್ನು ಯಾವುದೋ ಆಸ್ಪತ್ರೆಯವರು, ಒಂದು ಗೀರೂ ಹಾಕದೆ, ಚೇಂಬರ್ ಇದೆ ಅಂತ ಆರು ಗಂಟೆ ದಾರಿ ಆಂಬ್ಯುಲೆನ್ಸಿನಲ್ಲಿ ಕಳಿಸಿದ್ದರು. ಹೊಟ್ಟೆ ಉರಿಯಿತು. ಸೀದಾ ಥಿಯೇಟರಿಗೆ ಒಯ್ದೆವು.

ಈಗಿನ ಮಕ್ಕಳು ಜಾಣರು, ಪಿಜಿ ಪರೀಕ್ಷೆಗೆ ನಾಲ್ಕರಲ್ಲಿ ಸರಿ ಉತ್ತರ ಥಟ್ಟನೆ ಗುರುತು ಹಾಕುತ್ತಾರೆ. ಆದರೆ ಮೊಬೈಲಿನಲ್ಲಿ ಸ್ಕ್ಯಾನ್ ನೋಡಿಕೊಂಡು ಬೆಡ್ಡಿನಿಂದ ಮೂರಡಿ ದೂರ ನಿಂತಿರುತ್ತಾರೆ. ಅವರ ಕೈ ಹಿಡಿದು ಒತ್ತಿಸಲು ನಮಗೂ ಪುರುಸೊತ್ತಿಲ್ಲವಾಗಿದೆ.

ಚೇಂಬರ್ ಬಂದ ವರ್ಷ ಸರ್ ನೋಡಲು ಬಂದಿದ್ದರು. ಕೋಲೂರಿಕೊಂಡು ಒಂದು ಸುತ್ತು ಹಾಕಿ, ದುಂಡನೆಯ ಗಾಜಿನಲ್ಲಿ ಇಣುಕಿದರು. ಹೊಗಳುತ್ತಾರೆ ಅಂತ ಕಾಯುತ್ತಿದ್ದೆ.

"ಥಿಯೇಟರು ಇಲ್ಲಿಂದ ಎಷ್ಟು ದೂರಮ್ಮ?"

"ಎದುರಿಗೇ ಸರ್, ಆ ಬಾಗಿಲು."

ಅವರು ಕೋಲು ಊರುತ್ತಾ ಅಲ್ಲಿಯವರೆಗೂ ನಡೆದರು. ಬಾಗಿಲು ಮುಟ್ಟಿ ತಿರುಗಿ "ನನ್ನ ಕಾಲಿಗೇ ಹದಿನೆಂಟು ಹೆಜ್ಜೆ" ಅಂದರು.